ಡಿಸ್ಟ್ರಿಕ್ಟ್ ಮೀಟಿಂಗಿಗೆ ಅಡ್ವೊಕೇಟ್ ಜೊತೆ ಹೋಗಬಹುದಾ?

ಪ್ರಶ್ನೆ: ಸರ್, ಅಮೆರಿಕದಲ್ಲಿ ನಮ್ಮದು ಲಾಭರಹಿತ ಸಣ್ಣ ಖಾಸಗಿ ಶಾಲೆ. ಮಾತಿನ ತೊಂದರೆ, ಕಲಿಕೆಯ ತೊಂದರೆ ಇರುವ ಮಕ್ಕಳಿದ್ದಾರೆ. ಸ್ಕೂಲ್ ಡಿಸ್ಟ್ರಿಕ್ಟ್‌ನವರು (ಊರಿನ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸಂಸ್ಥೆ) ಈ ಮಕ್ಕಳ ಸೇವೆಯ ಬಗ್ಗೆ ಸಮಾಲೋಚನೆಗೆ ಅಂತ ವರ್ಷಕ್ಕೊಮ್ಮೆ ಕರೆದು, ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಈ ಸಲ ಪೋಷಕರ ಪರ ಮಾತಾಡೋ ಅಡ್ವೊಕೇಟ್ (ಕೋರ್ಟ್ ವಕೀಲರಲ್ಲ) ಒಬ್ಬರನ್ನು ಕರೆದೊಯ್ದರೆ ಸಂಬಂಧ ಕೆಡುತ್ತಾ?

ಉತ್ತರ: ಧಾರಾಳವಾಗಿ ಕರೆದೊಯ್ಯಿರಿ. ಅಂಗವೈಕಲ್ಯ, ಕಲಿಕೆಯ ತೊಂದರೆ ಇರುವ ಮಕ್ಕಳ ಶಿಕ್ಷಣದ ಫೆಡರಲ್ (ಕೇಂದ್ರ ಸರ್ಕಾರದ) ಕಾಯ್ದೆ ಐಡಿಇಎಯೇ ಶಾಲೆಯವರ ಜೊತೆ ಪೋಷಕರ ಪ್ರತಿನಿಧಿಗಳನ್ನೂ ಸಮಾಲೋಚಿಸಬೇಕು ಅನ್ನುತ್ತದೆ. ಯಾರು ಬರುತ್ತಾರೆ, ಏನು ಕೇಳುತ್ತಾರೆ ಅಂತ ಮೊದಲೇ ಇಮೇಲ್ ಮಾಡಿ, ಅಷ್ಟೆ.

ಕೆಡುವುದು ಬೇರೆ ಕಡೆ. ಸಾರ್ವಜನಿಕ ಶಾಲೆಯ ಮಗುವಿಗಿರುವ ಹಕ್ಕನ್ನೇ ಅಡ್ವೊಕೇಟ್ ಇಲ್ಲೂ ಕೇಳಿಬಿಡುತ್ತಾರೆ. ತಂದೆತಾಯಿ ತಾವಾಗಿಯೇ ಖಾಸಗಿ ಶಾಲೆಗೆ ಸೇರಿಸಿದ ಮಗುವಿಗೆ ಇಂತಿಷ್ಟು ಸೇವೆ ಕೊಡಲೇಬೇಕು ಅಂತ ಇಲ್ಲ. ಐಇಪಿ (ಸಾರ್ವಜನಿಕ ಶಾಲೆಯಲ್ಲಿ ಮಗುವಿಗೆಂದೇ ಮಾಡುವ ಶಿಕ್ಷಣ ಯೋಜನೆ) ಬದಲು ಸಿಗುವುದು ಸರ್ವಿಸ್ ಪ್ಲಾನ್, ಅಂದರೆ ಡಿಸ್ಟ್ರಿಕ್ಟ್ ಕೊಡಲು ಒಪ್ಪಿದ ಸೇವೆಗಳ ಪಟ್ಟಿ. ಸಮಾಲೋಚನೆ ಆದಮೇಲೆ ಕೊನೆಯ ತೀರ್ಮಾನ ಡಿಸ್ಟ್ರಿಕ್ಟ್‌ನದೇ. "ಈ ಹುಡುಗನಿಗೆ ವಾರಕ್ಕೆ 3 ಗಂಟೆ ಕೊಡಿ" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. "ಫೆಡರಲ್ ಅನುದಾನದಲ್ಲಿ ಖಾಸಗಿ ಶಾಲೆಗಳ ಪಾಲು ಎಷ್ಟು, ಮಕ್ಕಳ ಯಾವ ಎಣಿಕೆ ಹಿಡಿದಿರಿ, ಹೋದ ವರ್ಷದ್ದು ಎಷ್ಟು ಉಳಿದಿದೆ?" ಅಂತ ಕೇಳಿದರೆ ಲೆಕ್ಕ ತೆಗೆಯಲೇಬೇಕು.

ಲೆಕ್ಕ ಸರಳ. ಡಿಸ್ಟ್ರಿಕ್ಟ್‌ನಲ್ಲಿ ಅರ್ಹ ಮಕ್ಕಳು ಒಟ್ಟು 1,000, ಅದರಲ್ಲಿ ಖಾಸಗಿ ಶಾಲೆಯವರು 50, ಫೆಡರಲ್ ಅನುದಾನ 15,00,000 ಡಾಲರ್ ಅನ್ನಿ. ಪಾಲು 75,000 ಡಾಲರ್. ಖರ್ಚಾಗದೆ ಉಳಿದದ್ದು ಇನ್ನೊಂದು ವರ್ಷ ಖಾಸಗಿ ಶಾಲೆ ಮಕ್ಕಳಿಗೇ ಮೀಸಲು. ಮಕ್ಕಳನ್ನು ಗುರುತಿಸಿ ಮೌಲ್ಯಮಾಪನ ಮಾಡುವ ಖರ್ಚನ್ನು ಇದರಿಂದ ಕಳೆಯುವಂತಿಲ್ಲ, ಕಳೆದಿದ್ದಾರಾ ನೋಡಿ.

ಎಣಿಕೆ ನಡೆಯುವುದು ಅಕ್ಟೋಬರ್ 1ರಿಂದ ಡಿಸೆಂಬರ್ 1ರ ನಡುವೆ. ಸೇವೆ ಸಿಗಲಿ ಬಿಡಲಿ, ಮೌಲ್ಯಮಾಪನದಲ್ಲಿ ಅರ್ಹ ಅಂತಾದ ಮಗು ಲೆಕ್ಕಕ್ಕೆ ಬರುತ್ತದೆ. ಪೋಷಕರು ಒಪ್ಪಿಗೆ ಕೊಟ್ಟ ಮೇಲೆ ಮೌಲ್ಯಮಾಪನಕ್ಕೆ 60 ದಿನ ಇರುತ್ತದೆ (ರಾಜ್ಯ ಬೇರೆ ಗಡುವು ಇಟ್ಟಿರಬಹುದು). ಅಕ್ಟೋಬರ್ ನಡುವೆ ಒಪ್ಪಿಗೆ ಪತ್ರ ಕಳಿಸಿದರೆ ಮಗು ಎಣಿಕೆಯಿಂದ ತಪ್ಪಿಹೋಗಿ ಮುಂದಿನ ವರ್ಷದ ಪಾಲೂ ಕುಗ್ಗಬಹುದು. ಬೇಸಿಗೆ ರಜೆಗೆ ಮುಂಚೆಯೇ ಪಟ್ಟಿ ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಸಹಿ ಹಾಕಲ್ಲ ಅಂದರೆ ನಿಷ್ಠುರ ಆಗಲ್ವಾ ಸರ್?

ಉತ್ತರ: ಅದು ಹಾಜರಿ ಸಹಿ ಅಲ್ಲ ಮೇಡಂ. ಸಮಾಲೋಚನೆ ಸಕಾಲದಲ್ಲಿ, ಅರ್ಥಪೂರ್ಣವಾಗಿ ನಡೆಯಿತು ಅಂತ ನೀವು ದೃಢಪಡಿಸುವುದು. ಎಲ್ಲ ಮೊದಲೇ ತೀರ್ಮಾನಿಸಿ ಓದಿ ಹೇಳಿದ್ದರೆ ಸಹಿ ಬೇಡ. "ಓದಿ ಕಳಿಸುತ್ತೇವೆ" ಅನ್ನಿ, ನಿಮ್ಮ ಆಕ್ಷೇಪವನ್ನು ಇಮೇಲ್‌ನಲ್ಲಿ ಬರೆಯಿರಿ. ಸಹಿ ಬಾರದಿದ್ದರೆ ಸಮಾಲೋಚನೆಯ ದಾಖಲೆಯನ್ನು ಅವರು ರಾಜ್ಯ ಶಿಕ್ಷಣ ಇಲಾಖೆಗೆ ಕಳಿಸಬೇಕು. ಸೇವೆಯ ಬಗ್ಗೆ ನಿಮ್ಮ ಮಾತು ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ನಯವಾಗಿಯೇ ಕೇಳಿ, ದೂರು ಕೊಡುವ ಪ್ರಮೇಯ ಬಂದರೆ ಆ ಕಾಗದವೇ ಆಧಾರ.

ಇನ್ನೊಬ್ಬರು: ಟೈಟಲ್ 1 (ಬಡ ಪ್ರದೇಶಗಳಲ್ಲಿ ಓದಿನಲ್ಲಿ ಹಿಂದುಳಿದ ಮಕ್ಕಳಿಗೆ ಫೆಡರಲ್ ನೆರವು) ವಿಷಯವನ್ನೂ ಅದೇ ಮೀಟಿಂಗಲ್ಲಿ ಎತ್ತಬಹುದಾ?

ಉತ್ತರ: ಎತ್ತಿ, ಆದರೆ ಕಲಸಬೇಡಿ. ಐಡಿಇಎ ಸೇವೆಗೆ ಶಾಲೆ ಇರುವ ಡಿಸ್ಟ್ರಿಕ್ಟ್ ಹೊಣೆ. ಟೈಟಲ್ 1ಕ್ಕೆ ಮಗುವಿನ ಮನೆ ಇರುವ ಡಿಸ್ಟ್ರಿಕ್ಟ್. ವಿಳಾಸಗಳನ್ನು ವಿಂಗಡಿಸಿದರೆ ಎರಡು ಮೂರು ಡಿಸ್ಟ್ರಿಕ್ಟ್ ಜೊತೆ ವ್ಯವಹಾರ ಇದೆ ಅಂತ ಗೊತ್ತಾದರೂ ಆಗಬಹುದು. ಟೈಟಲ್ 1ರಲ್ಲಿ ತೊಡಕು ಬಂದರೆ ದೂರಿಗೆ ಮೊದಲು ರಾಜ್ಯದ ಓಂಬಡ್ಸ್‌ಮನ್‌ಗೆ (ಖಾಸಗಿ ಶಾಲೆಗಳ ಪಾಲು ಸರಿಯಾಗಿ ಸಿಗುತ್ತಿದೆಯಾ ಅಂತ ನೋಡುವ ಅಧಿಕಾರಿ) ಫೋನ್ ಮಾಡಿ; 2015ರ ಫೆಡರಲ್ ಶಿಕ್ಷಣ ಕಾಯ್ದೆಯಂತೆ ಪ್ರತಿ ರಾಜ್ಯದಲ್ಲೂ ಒಬ್ಬರು ಇರಬೇಕು.