ಗದ್ದಕ್ಕೆ ಆರು ಹೊಲಿಗೆ ಬಿದ್ದಿವೆ, ಈಗ ಯಾವ ಹೆಲ್ಮೆಟ್ ತಗೊಳ್ಳಲಿ? (ಪುಣೆ)

ಧಾರವಾಡದ ಪುಣೇಕರ:
ನಮಸ್ಕಾರ. ಊರು ಧಾರವಾಡ, ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು. ಮನೆ ಧನಕವಡಿ, ಕೆಲಸ ಹಿಂಜವಡಿ, ದಿನಾ ಬೈಕು.

ಇಷ್ಟು ದಿನ ಹಾಕಿದ್ದು ಅರ್ಧ ಹೆಲ್ಮೆಟ್ಟು. ಅದೂ ಪೊಲೀಸರಿಗೆ ಹೆದರಿ. ಹೆಲ್ಮೆಟ್ ಕಡ್ಡಾಯ ಬೇಡ ಅಂತ ಸಮಿತಿ ಕಟ್ಟಿ ಹೋರಾಡಿದ ಊರು ಇದು. 2019ರಲ್ಲಿ ಬಿಗಿ ಮಾಡಿದಾಗ ನಾನೂ ಆಫೀಸಿನಲ್ಲಿ ಚಹಾ ಕುಡಿಯುತ್ತಾ ಅವರ ಪರವಾಗಿ ವಾದ ಮಾಡಿದವನೇ.

ಕಳೆದ ತಿಂಗಳು ನವಲೆ ಸೇತುವೆ ಹತ್ತಿರ, ಸರ್ವಿಸ್ ರಸ್ತೆಯಲ್ಲಿ, ಮೊದಲ ಮಳೆಗೆ ಖಡಿ (ಜಲ್ಲಿಕಲ್ಲು) ಮೇಲೆ ಮುಂದಿನ ಗಾಲಿ ಜಾರಿತು. ವೇಗ ಮೂವತ್ತೂ ಇರಲಿಲ್ಲ. ತಲೆಗೆ ಏನೂ ಆಗಲಿಲ್ಲ. ಆದರೆ ಬಿದ್ದದ್ದು ಮುಖ ಅಡಿಯಾಗಿ. ಗದ್ದಕ್ಕೆ ಆರು ಹೊಲಿಗೆ, ಕೆಳಗಿನ ಹಲ್ಲೊಂದು ಅರ್ಧ ಮುರಿದಿದೆ. ಅವ್ವ ಕಳಿಸಿದ ಖಡಕ್ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನುಂಗುತ್ತಿದ್ದೇನೆ.

ಈಗ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಬೇಕು. ನಾಲ್ಕು ಸಾವಿರದವರೆಗೆ ಕೊಡಬಲ್ಲೆ. ಕನ್ನಡಕ ಇದೆ. ತಲೆ ದೊಡ್ಡದು ಅಂತ ಯಾವಾಗಲೂ ಎಕ್ಸ್‌ಎಲ್ ತಗೊಳ್ಳುತ್ತೇನೆ. ಒಮ್ಮೆ ಗೆಳೆಯನ ಫುಲ್ ಫೇಸ್ ಹಾಕಿ ನೋಡಿದ್ದೆ, ಎರಡೇ ನಿಮಿಷಕ್ಕೆ ಉಸಿರು ಕಟ್ಟಿದ ಹಾಗಾಯಿತು. ಏನು ನೋಡಿ ತಗೊಳ್ಳಬೇಕು?

ಖಂಬಾಟ್ಕಿ ಸವಾರ:
ಸರ್, ಹಲ್ಲು ಅರ್ಧಕ್ಕೇ ನಿಂತಿತು ಅನ್ನಿ. ನಾನು ತಿಂಗಳಿಗೊಮ್ಮೆ ಬೆಳಗಾವಿಗೆ ಬೈಕಲ್ಲೇ ಹೋಗುವವನು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಗದ್ದದ ಮುಂದೆ ಏನೋ ಒಂದು ಅಡ್ಡ ಇದೆ ಅಂದ ಮಾತ್ರಕ್ಕೆ ಅದು ಗದ್ದ ಕಾಪಾಡುತ್ತದೆ ಅಂತಲ್ಲ. ಅಂಗಡಿಯಲ್ಲಿ ಹೆಲ್ಮೆಟ್ ತಿರುಗಿಸಿ ಹಿಡಿದು, ಆ ಜಾಗಕ್ಕೆ ಒಳಗಿಂದ ಹೆಬ್ಬೆರಳು ಒತ್ತಿ. ಬಟ್ಟೆಯ ಹಿಂದೆ ಗಟ್ಟಿ ಥರ್ಮೋಕೋಲ್ ಸಿಗಬೇಕು, ತಲೆಯ ಭಾಗದಲ್ಲಿ ಇರುವಂಥದ್ದೇ. ಏಟು ಬಿದ್ದಾಗ ಜಜ್ಜಿಹೋಗಿ ಪೆಟ್ಟು ನುಂಗುವುದು ಅದೇ. ಅಗ್ಗದ ಕೆಲವದರಲ್ಲಿ ಅಲ್ಲಿ ಒಂದು ಪದರ ಸ್ಪಂಜು, ಅದರಾಚೆ ಖಾಲಿ ಪ್ಲಾಸ್ಟಿಕ್, ಅಷ್ಟೇ. ಒತ್ತಿದರೆ ಟೊಕ್ ಅನ್ನುತ್ತದೆ.

ಐಎಸ್ಐ ಗುರುತು ಬೇಕೇ ಬೇಕು. 2021ರ ಜೂನ್‌ನಿಂದ ಅದಿಲ್ಲದ್ದನ್ನು ಮಾರುವ ಹಾಗೇ ಇಲ್ಲ. ಮೇಲೆ ಐಎಸ್ 4151 ಅಂತ, ಕೆಳಗೆ ಸಿಎಂ/ಎಲ್ ಅಂತ ಒಂದು ನಂಬರ್ ಇರುತ್ತದೆ. ಆ ನಂಬರನ್ನು, ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ ‘ಬಿಐಎಸ್ ಕೇರ್’ ಆ್ಯಪ್‌ಗೆ ಹಾಕಿದರೆ ಯಾವ ಕಂಪನಿಯದು ಅಂತ ಗೊತ್ತಾಗುತ್ತದೆ. ಅಂಗಡಿಯವನ ಎದುರೇ ಹಾಕಿ, ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ನಿಮ್ಮ ದುಡ್ಡಿಗೆ ಇಸಿಇ, ಅಂದರೆ ಯುರೋಪಿನ ಪರೀಕ್ಷೆಯ ಗುರುತಿನದೂ ಸಿಗುತ್ತದೆ. ಆಗ ಗದ್ದದ ಕೆಳಗೆ ಕಟ್ಟುವ ಪಟ್ಟಿಗೆ ಹೊಲಿದ ಚೀಟಿ ಓದಿ. ನಂಬರಿನಲ್ಲಿ ಓರೆಗೆರೆಯ (/) ನಂತರ ‘ಪಿ’ ಇದ್ದರೆ ಗದ್ದದ ಭಾಗಕ್ಕೂ ಏಟು ಹಾಕಿ ಪರೀಕ್ಷಿಸಿದ್ದಾರೆ ಅಂತ. ‘ಜೆ’ ಅಂದರೆ ಮುಖ ತೆರೆದದ್ದು. ‘ಎನ್‌ಪಿ’ ಅಂತಿದ್ದರೆ ಅಡ್ಡಪಟ್ಟಿ ಇದೆ, ಆದರೆ ಕಾಪಾಡುವುದಿಲ್ಲ! ಇನ್ನು ಡಾಟ್ ಅಂತ ದೊಡ್ಡ ಸ್ಟಿಕ್ಕರ್ ನೋಡಿ ಮರುಳಾಗಬೇಡಿ. ಆ ಅಮೆರಿಕದ ಪರೀಕ್ಷೆಯಲ್ಲಿ ಗದ್ದದ ಕಡೆ ಏಟೇ ಹಾಕುವುದಿಲ್ಲ.

ಎಕ್ಸ್‌ಎಲ್ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಹುಬ್ಬಿನ ಸ್ವಲ್ಪ ಮೇಲೆ ಟೇಪ್ ಸುತ್ತಿ ಅಳೆಯಿರಿ. ಬೈಕ್ ಸಾಮಾನಿನ ಅಂಗಡಿಗಳಿರುವ ನಾನಾ ಪೇಠಕ್ಕೆ ಹೋಗಿ, ಹತ್ತು ಹಾಕಿ ನೋಡಿ.

ವಾಕಡ್ ಸ್ಕೂಟರಮ್ಮ:
ಉಸಿರು ಕಟ್ಟುವುದು ನನಗೂ ಇತ್ತು ರೀ. ಅದಕ್ಕೇ ಮುಂಭಾಗ ಮೇಲೆತ್ತುವ ಫ್ಲಿಪ್-ಅಪ್ ತಗೊಂಡೆ. ಕನ್ನಡಕ ತೆಗೆಯದೆಯೇ ಹಾಕಬಹುದು. ‘ಪಿ/ಜೆ’ ಅಂತ ಇರುವುದೇ ತಗೊಳ್ಳಿ. ಕೆಳಗಿಳಿಸಿದಾಗ ಎರಡೂ ಕಡೆ ಕ್ಲಿಕ್ ಅನ್ನಬೇಕು. ನಾನು ಒಂದು ವಾರ ಒಂದೇ ಕಡೆ ಸಿಕ್ಕಿಸಿಕೊಂಡು ಓಡಾಡಿದ್ದೇನೆ, ಯಾರಿಗೂ ಹೇಳಬೇಡಿ. ಸ್ವಲ್ಪ ಭಾರ ಜಾಸ್ತಿ, ಸಂಜೆ ಕತ್ತು ನೆನಪಿಸುತ್ತದೆ.

ಮಳೆಗಾಲದಲ್ಲಿ ವೈಸರ್‌ಗೆ, ಅಂದರೆ ಕಣ್ಣ ಮುಂದಿನ ಪಾರದರ್ಶಕ ಪರದೆಗೆ, ಮಂಜು ಕಟ್ಟುವುದೇ ದೊಡ್ಡ ತಲೆನೋವು. ಒಳಗೆ ಇನ್ನೊಂದು ಪದರ ಕೂರಿಸಲು ವೈಸರ್‌ನಲ್ಲಿ ಎರಡು ಸಣ್ಣ ಪಿನ್ ಇರುವುದನ್ನು ನೋಡಿ. ಕಪ್ಪು ವೈಸರ್ ಅಂತೂ ಬೇಡ. ರಾತ್ರಿ ಖಡಿ ಕಾಣಿಸುವುದೇ ಇಲ್ಲ.

ಧಾರವಾಡದ ಪುಣೇಕರ:
ಶನಿವಾರ ಹೋಗಿ ಬಂದೆ. ಮಗಳ ಹೊಲಿಗೆ ಕ್ಲಾಸಿನ ಟೇಪಿನಲ್ಲಿ ತಲೆ 58 ಸೆಂಟಿಮೀಟರ್. ಅಂದರೆ ಇಷ್ಟು ವರ್ಷ ಸಡಿಲದ್ದೇ ಹಾಕಿದ್ದೆ! ಮೊದಲ ಅಂಗಡಿಯಲ್ಲಿ ಒಂದು ಹಾಕಿದೆ, ಹಣೆಯ ನಡುವೆ ಒಂದೇ ಕಡೆ ಒತ್ತುತ್ತಿತ್ತು. ‘ದೋನ್ ದಿವಸಾತ್ ಸೈಲ್ ಹೋಯೀಲ್’ ಅಂದ. ಎರಡು ದಿನದಲ್ಲಿ ಸಡಿಲ ಆಗುತ್ತಂತೆ.

ಖಂಬಾಟ್ಕಿ ಸವಾರ:
ತಗೊಳ್ಳಲಿಲ್ಲ ಅಲ್ವಾ? ಸಡಿಲ ಆಗುವುದು ಕೆನ್ನೆಯ ಸ್ಪಂಜು. ಹಣೆಯಲ್ಲಿ ಒಂದೇ ಕಡೆ ನೋವಾದರೆ ಆ ಚಿಪ್ಪಿನ ಆಕಾರ ನಿಮ್ಮ ತಲೆಗಲ್ಲ.

ಧಾರವಾಡದ ಪುಣೇಕರ:
ಇಲ್ಲ ಇಲ್ಲ, ಬಿಟ್ಟು ಬಂದೆ. ನಾಲ್ಕನೇ ಅಂಗಡಿಯಲ್ಲಿ ಎಲ್ ಸೈಜ್, ಬಿಳಿ ಬಣ್ಣ, ಫುಲ್ ಫೇಸ್, ಚೀಟಿಯ ಮೇಲೆ ಪಿ. 3,900 ಆಯಿತು. ಹದಿನೈದು ನಿಮಿಷ ತಲೆ ಮೇಲೇ ಇಟ್ಟುಕೊಂಡು ಅಂಗಡಿಯವನ ಜೊತೆ ಮಳೆ ವಿಷಯ ಮಾತಾಡಿದೆ. ಕೆನ್ನೆ ಎರಡೂ ಗುಲಾಬ್ ಜಾಮೂನ್ ಹಾಗೆ ಉಬ್ಬಿದ್ದವು. ಪಟ್ಟಿ ಕಟ್ಟಿ, ಹಿಂದಿನಿಂದ ಮುಂದಕ್ಕೆ ಎತ್ತಿ ಕಳಚಲು ನೋಡಿದೆ, ಕಳಚಲಿಲ್ಲ. ಹಳೇದರಲ್ಲಿ ಹಾಗೆ ಮಾಡಿದರೆ ಸಲೀಸಾಗಿ ಕೈಗೇ ಬರುತ್ತದೆ. ಉಸಿರು ಕಟ್ಟುವುದು ಮೂರನೇ ದಿನಕ್ಕೆ ಮರೆತೇ ಹೋಯಿತು.

ಇನ್ನೊಂದು ಪ್ರಶ್ನೆ. ಹಳೆಯ ಅರ್ಧ ಹೆಲ್ಮೆಟ್ಟಿಗೆ ಗೀರು ಬಿಟ್ಟರೆ ಏನೂ ಆಗಿಲ್ಲ. ವಾಚ್‌ಮನ್ ಕೇಳುತ್ತಿದ್ದಾರೆ. ಕೊಡಲಾ?

ವಾಕಡ್ ಸ್ಕೂಟರಮ್ಮ:
ಬೇಡ ರೀ. ಒಮ್ಮೆ ಬಿದ್ದದ್ದರ ಥರ್ಮೋಕೋಲ್ ಒಳಗೆ ಜಜ್ಜಿರುತ್ತದೆ, ಹೊರಗೆ ಕಾಣಿಸುವುದಿಲ್ಲ. ಪಟ್ಟಿ ಕತ್ತರಿಸಿಯೇ ಎಸೆಯಿರಿ. ಇಲ್ಲದಿದ್ದರೆ ಕಸದಿಂದ ಎತ್ತಿಕೊಂಡು ಯಾರೋ ಹಾಕಿಕೊಳ್ಳುತ್ತಾರೆ.

ಧಾರವಾಡದ ಪುಣೇಕರ:
ಕತ್ತರಿಸಿದೆ. ವಾಚ್‌ಮನ್ ಕಾಕಾಗೆ ಮುಖ ತೋರಿಸಲು ಆಗುತ್ತಿಲ್ಲ. ಮುಂದಿನ ತಿಂಗಳು ಪಗಾರ ಬಂದ ಮೇಲೆ ಅವರನ್ನೂ ನಾನಾ ಪೇಠಕ್ಕೆ ಕರೆದುಕೊಂಡು ಹೋಗಬೇಕು, ಟೇಪ್ ಸಮೇತ.