ಹಾಯಿದೋಣಿಯ ಕಾಕ್‌ಪಿಟ್ ಟೇಬಲ್ ಬಾಗುತ್ತಿದೆ, ಸಹಾಯ ಬೇಕು
ಕಾಕ್‌ಪಿಟ್‌ನ (ದೋಣಿ ನಡೆಸುವವರು ಕೂರುವ ತೆರೆದ ಜಾಗ) ಎರಡು ಬೆಂಚುಗಳ ನಡುವೆ ಇಟ್ಟು ತೆಗೆಯುವಂಥ ಟೇಬಲ್. 90 ಮಿ.ಮೀ. ಅಗಲ, 18 ಮಿ.ಮೀ. ದಪ್ಪದ 5 ತೇಗದ ಪಟ್ಟಿ ಜೋಡಿಸಿದ ಹಲಗೆ, ಉದ್ದ 700 ಮಿ.ಮೀ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅದಕ್ಕೇ ಅಸಿಟೋನ್‌ನಲ್ಲಿ ಒರೆಸಿಯೇ ಎಪಾಕ್ಸಿ ಅಂಟು ಹಚ್ಚಿದ್ದು; ಅಂಟು ಎಲ್ಲೂ ಬಿಟ್ಟಿಲ್ಲ. ತೊಂದರೆ ಬೇರೆ: ಎರಡು ದಿನ ಬಿಸಿಲು ಬಿದ್ದರೆ ಹಲಗೆ ಅಗಲಕ್ಕೆ 4 ಮಿ.ಮೀ. ಬಾಗುತ್ತೆ.

ಎರಡೂ ಮುಖಕ್ಕೆ ಸಮನಾಗಿ 6 ಕೋಟ್ ವಾರ್ನಿಷ್ ಆಗಿದೆ. ಅಡಿಯಲ್ಲಿ 20 ಮಿ.ಮೀ. ಎತ್ತರದ 2 ಅಡ್ಡಪಟ್ಟಿ, ಅಂಟಿಲ್ಲದೆ, ಉದ್ದ ತೂತು ಕೊರೆದು ಸ್ಟೇನ್‌ಲೆಸ್ ಸ್ಕ್ರೂನಲ್ಲಿ ಕೂರಿಸಿದೆ (ಮರ ಹಿಗ್ಗಿ ಕುಗ್ಗಲು ಜಾಗ ಬೇಕಲ್ಲ). ಬಾಗು ಅರ್ಧಕ್ಕಿಳಿಯಿತು, ನಿಲ್ಲಲಿಲ್ಲ. ಅಡ್ಡಪಟ್ಟಿ ಇನ್ನೂ ಎತ್ತರ ಮಾಡಿದರೆ ಟೇಬಲ್ ಅದನ್ನು ಇಡುವ ಲಾಕರ್ ಒಳಗೆ ಹೋಗಲ್ಲ.

ಮೂರನೇ ಅಡ್ಡಪಟ್ಟಿ ಹಾಕಿದರೆ ಸಾಕಾ, ಇಲ್ಲ 12 ಮಿ.ಮೀ. ಮರೀನ್ ಪ್ಲೈ (ನೀರು ತಾಳುವ ಪ್ಲೈವುಡ್) ಮೇಲೆ ತೆಳು ತೇಗ ಅಂಟಿಸಿ ಹೊಸದಾಗಿಯೇ ಮಾಡಬೇಕಾ? ಮಾಡಿದವರು ದಯವಿಟ್ಟು ಹೇಳಿ.