ಒಂಬತ್ತು ವರ್ಷ ಎಂಬೆಡೆಡ್ ಸಿ, ಈಗ ಆಂಡ್ರಾಯ್ಡ್. ನನ್ನ ವೈಲ್ ಲೂಪ್ ಎಲ್ಲಿ ಹೋಯ್ತು?

ಪೀಣ್ಯ ಪಂಪು:
ಬೋರ್‌ವೆಲ್ ಪಂಪಿನ ಸ್ಟಾರ್ಟರ್ ಪ್ಯಾನಲ್‌ಗೆ ಒಂಬತ್ತು ವರ್ಷದಿಂದ ಫರ್ಮ್‌ವೇರ್ ಬರೆಯುತ್ತಿದ್ದೇನೆ. ಎಸ್‌ಟಿಎಂ32 ಚಿಪ್, ಅದರ ಮೇಲೆ ಫ್ರೀಆರ್‌ಟಿಒಎಸ್ ಅನ್ನೋ ಪುಟ್ಟ ಆಪರೇಟಿಂಗ್ ಸಿಸ್ಟಂ, ಬರೀ ಸಿ ಭಾಷೆ. ಈಗ ಪ್ಯಾನಲ್‌ಗೆ ಬ್ಲೂಟೂತ್ ಬಂದಿದೆ, ಆ್ಯಪ್ ಕೂಡ ನೀನೇ ಮಾಡು ಅಂದಿದ್ದಾರೆ. ಆಂಡ್ರಾಯ್ಡ್ ಆ್ಯಪ್ ಬರೆಯೋ ಕಾಟ್ಲಿನ್ ಭಾಷೆ ಕಷ್ಟ ಅನ್ನಿಸಲಿಲ್ಲ. ಆದರೆ ಪ್ರೋಗ್ರಾಂ ಎಲ್ಲಿ ಶುರುವಾಗುತ್ತದೆ ಅನ್ನೋದೇ ತಿಳಿಯುತ್ತಿಲ್ಲ. ಶುರು ಮಾಡೋ ಮೇನ್ ಫಂಕ್ಷನ್ ಇಲ್ಲ, ಕೊನೆಯಿಲ್ಲದೆ ಸುತ್ತೋ ವೈಲ್ ಒನ್ ಲೂಪ್ ಇಲ್ಲ. ಒಂದಷ್ಟು ಫಂಕ್ಷನ್ ಬರೆದಿಟ್ಟು, ಯಾರಾದರೂ ಕರೆಯಲಿ ಅಂತ ಸುಮ್ನೆ ಕಾಯೋದು. ಗುರುತಿಲ್ಲದವರ ಮದುವೆ ಮನೆಯಲ್ಲಿ ನಿಂತ ಹಾಗಾಗಿದೆ.

ನಿನ್ನೆ 'ಮೋಟರ್ ಆನ್' ಬಟನ್ ಒತ್ತಿದಾಗ ಓಡೋ ಆನ್‌ಕ್ಲಿಕ್ ಫಂಕ್ಷನ್ ಒಳಗೆ ಕಮಾಂಡ್ ಕಳಿಸಿ, ಉತ್ತರ ಬರುವವರೆಗೆ ವೈಲ್ ಲೂಪಿನಲ್ಲಿ ಫ್ಲ್ಯಾಗ್ ನೋಡುತ್ತಾ ಕೂತೆ. ಉತ್ತರ ಬಂದರೆ ಹ್ಯಾಂಡ್ಲರ್‌ನಿಂದ (ಮೆಸೇಜ್ ಸಾಗಿಸೋದು) ಪರದೆ, ಬಟನ್ ನೋಡಿಕೊಳ್ಳೋ ಮೇನ್ ಥ್ರೆಡ್‌ಗೆ ಪೋಸ್ಟ್ ಮಾಡಿ ಫ್ಲ್ಯಾಗ್ ಎತ್ತುತ್ತೇನೆ. ರಿಲೇ ಟಕ್ ಅಂದಿದ್ದು ಕೇಳಿಸಿತು. ಫೋನ್ ಮಾತ್ರ ಕಲ್ಲಾಯಿತು. ಇನ್ನೊಂದು ಸಲ ಒತ್ತಿದೆ. ಐದು ಸೆಕೆಂಡಿಗೆ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ' ಅಂತ ಬಂತು. ಪ್ರೋಗ್ರಾಂ ಸಿಕ್ಕಿಹಾಕಿಕೊಂಡರೆ ಹಿಡಿಯೋ ವಾಚ್‌ಡಾಗ್ ಇಲ್ಲೂ ಇದೆ ಅಂತ ಗೊತ್ತಾಯಿತು, ಅಷ್ಟೇ. ತಪ್ಪೆಲ್ಲಿ?

ಹಳೇ ಐಎಸ್‌ಆರ್:
ಗುರುವೇ, ನಿಮ್ಮ ವೈಲ್ ಒನ್ ಎಲ್ಲೂ ಹೋಗಿಲ್ಲ. ಲೂಪರ್ ಅಂತ ಒಂದಿದೆ, ಅದರೊಳಗೆ ಇರೋದು ಕೊನೆಯಿಲ್ಲದ ಲೂಪೇ. ಕ್ಯೂನಿಂದ ಒಂದೊಂದೇ ಮೆಸೇಜ್ ತೆಗೆದು ನಿಮ್ಮ ಫಂಕ್ಷನ್ ಕರೆಯುತ್ತದೆ. ಫ್ರೀಆರ್‌ಟಿಒಎಸ್‌ನಲ್ಲಿ ಕ್ಯೂ ಕಾಯುತ್ತಾ ಕೂತ ಒಂದು ಟಾಸ್ಕ್ ಇರುತ್ತದಲ್ಲ, ಅದೇ.

ಫ್ಲ್ಯಾಗ್ ಎತ್ತಬೇಕಾದ ಮೆಸೇಜ್ ಅದೇ ಕ್ಯೂನಲ್ಲಿ ನಿಮ್ಮ ಬೆನ್ನ ಹಿಂದೆ ನಿಂತಿದೆ. ನೀವು ಬಾಗಿಲಿಗೆ ಅಡ್ಡ ನಿಂತು, ಯಾಕೆ ಇನ್ನೂ ಬರಲಿಲ್ಲ ಅಂತ ಕಾಯುತ್ತಿದ್ದೀರಿ. ಐಎಸ್‌ಆರ್ ಒಳಗೆ, ಅಂದರೆ ಇಂಟರಪ್ಟ್ ಬಂದಾಗ ಓಡೋ ಫಂಕ್ಷನ್ ಒಳಗೆ, ಡಿಲೇ ಹಾಕುತ್ತಿದ್ರಾ? ಇಲ್ಲ ತಾನೇ. ಆನ್‌ಕ್ಲಿಕ್ ಕೂಡ ಹಾಗೇ ಅಂದುಕೊಳ್ಳಿ. ಕಮಾಂಡ್ ಕಳಿಸಿ, ಬಟನ್ ಮಂಕು ಮಾಡಿ, ಹೊರಗೆ ಬನ್ನಿ. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮಿಗೆ ಸಿಗೋದೇ ಸುಮಾರು 16 ಮಿಲಿಸೆಕೆಂಡ್.

ಸೆಮಿಕೋಲನ್:
ಐಎಸ್‌ಆರ್ ಅಣ್ಣ ಹೇಳಿದ್ದು ಸರಿ. ಮುಂದಿನ ಏಟು ಎಲ್ಲಿಂದ ಬೀಳುತ್ತದೆ ಅಂತ ಈಗಲೇ ಹೇಳಿಬಿಡುತ್ತೇನೆ. ಫೋನ್ ಅಡ್ಡ ತಿರುಗಿಸಿ ನೋಡಿ. ಆಕ್ಟಿವಿಟಿ, ಅಂದರೆ ಆ್ಯಪಿನ ಆ ಪರದೆ, ಸತ್ತು ಹೊಸದು ಹುಟ್ಟುತ್ತದೆ. ಬ್ಲೂಟೂತ್ ಕನೆಕ್ಷನ್ ಅದರೊಳಗೇ ಇಟ್ಟಿದ್ದರೆ ಕೈ ತಪ್ಪಿತು ಅಂತಲೇ. ಪರದೆಯ ಡೇಟಾ ಬೇರೆಯಾಗಿ ಹಿಡಿದಿಡೋ ವ್ಯೂಮಾಡೆಲ್‌ಗೆ ಸಾಗಿಸಿ, ಅದು ತಿರುಗಿಸಿದರೂ ಉಳಿಯುತ್ತದೆ. ಆದರೆ ಮೆಮೊರಿ ಸಾಲದೆ ಆಂಡ್ರಾಯ್ಡ್ ಇಡೀ ಆ್ಯಪನ್ನೇ ಕೊಂದರೆ ವ್ಯೂಮಾಡೆಲ್ ಕೂಡ ಹೋಗುತ್ತದೆ. ಕರೆಂಟ್ ಯಾವಾಗ ಹೋಗುತ್ತದೋ ಅಂತ ಸೆಟಿಂಗ್ ಎಲ್ಲ ಫ್ಲ್ಯಾಶ್‌ಗೆ ಬರೆದಿಟ್ಟವರು ನೀವು, ಇದು ಹೊಸದಲ್ಲ ಬಿಡಿ.

ಇನ್ನೊಂದು ಮಾತು, ಇದು ಜಾಸ್ತಿ ಮುಖ್ಯ. ಡ್ರೈ ರನ್ ಕಟ್‌ಆಫ್ (ನೀರಿಲ್ಲದಾಗ ಮೋಟರ್ ನಿಲ್ಲಿಸೋದು) ಅಥವಾ ಮೋಟರಿನ ಟೈಮರ್ ಯಾವುದನ್ನೂ ಆ್ಯಪ್‌ಗೆ ತರಬೇಡಿ. ಆಂಡ್ರಾಯ್ಡ್ 6ರಿಂದ ಡೋಜ್ ಅನ್ನೋ ಬ್ಯಾಟರಿ ಉಳಿಸೋ ನಿದ್ದೆ ಇದೆ. ಪರದೆ ಆಫ್ ಆಗಿ ಫೋನ್ ಅಲುಗದೆ ಬಿದ್ದಿದ್ದರೆ, ಆ್ಯಪಿನ ಕೆಲಸವನ್ನು ಮುಂದಕ್ಕೆ ಹಾಕುತ್ತಾ ಹೋಗುತ್ತದೆ. ನೀರಿಲ್ಲದೆ ಓಡುವ ಮೋಟರ್ ಅಷ್ಟು ಹೊತ್ತು ಕಾಯುತ್ತಾ?

ಪೀಣ್ಯ ಪಂಪು:
ಡ್ರೈ ರನ್ ಬೋರ್ಡಿನಲ್ಲೇ ಇದೆ, ಅದನ್ನು ಯಾರಿಗೂ ಕೊಡಲ್ಲ. ಲೂಪ್ ಕಿತ್ತುಹಾಕಿದೆ. ಈಗ ಉತ್ತರ ಬಂದಾಗ ಹ್ಯಾಂಡ್ಲರೇ ಬಟನ್ ಹಸಿರು ಮಾಡುತ್ತದೆ, ಫೋನ್ ಎಲ್ಲೂ ನಿಲ್ಲುತ್ತಿಲ್ಲ. ಆಮೇಲೆ ಫೋನ್ ಅಡ್ಡ ತಿರುಗಿಸಿದೆ. ಕನೆಕ್ಷನ್ ಹೋಯ್ತು. ವ್ಯೂಮಾಡೆಲ್ ಓದುತ್ತಾ ಕೂತಿದ್ದೇನೆ.